ಹರಿದ ತೆರೆಗೆ ಮತ್ತೆ ಹೊಲಿಗೆ ಬೇಡ

ಸಭಾಪಾಲಕರ ಮೂಲಕವಲ್ಲದೆ ಸಾಮಾನ್ಯ ವಿಶ್ವಾಸಿ ದೇವರ ಸನ್ನಿಧಿಗೆ ಹೋಗುವುದು ಅಹಂಕಾರ ಎಂಬ ಅಭಿಪ್ರಾಯ ಪ್ರಕಟವಾಗಿದೆ. ಒಪ್ಪಲಾಗದು. ಯೇಸು ಪ್ರಾಣಬಿಟ್ಟಾಗ ದೇವಾಲಯದ ತೆರೆ ಹರಿದುದನ್ನು ಮತ್ತಾಯ ದಾಖಲಿಸಿದ್ದಾನೆ. ವರ್ಷಕ್ಕೊಮ್ಮೆ ಮಹಾಯಾಜಕನೊಬ್ಬನೇ ದಾಟುತ್ತಿದ್ದ ತೆರೆ ಅದು. ಇಬ್ರಿಯರಿಗೆ ಬರೆದ ಪತ್ರಿಕೆಯ 10ನೇ ಅಧ್ಯಾಯ ಆ ದಾರಿಯಲ್ಲಿ ಎಲ್ಲ ವಿಶ್ವಾಸಿಗಳನ್ನೂ ಕರೆಯುತ್ತದೆ. ಮಧ್ಯಸ್ಥ ಕ್ರಿಸ್ತನೊಬ್ಬನೇ.

ವಿಶ್ವಾಸಿಗಳೆಲ್ಲರೂ ಯಾಜಕರೇ ಎಂಬುದನ್ನು ಮಾರ್ಟಿನ್ ಲೂಥರ್ 1520ರಲ್ಲಿ ಎತ್ತಿ ಹೇಳಿದ. ಪ್ರಾಟೆಸ್ಟಂಟರ ವಾದವಷ್ಟೇ ಎನ್ನಬೇಡಿ. ಅಭಿಷಿಕ್ತ ಗುರುಗಳ ಸೇವೆ ಬೇರೆ ಬಗೆಯದೆಂದು ಹೇಳುತ್ತಲೇ, 1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯೂ ದೀಕ್ಷಾಸ್ನಾನ ಪಡೆದವರೆಲ್ಲರ ಯಾಜಕತ್ವವನ್ನು ಎತ್ತಿಹಿಡಿಯಿತು.

ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ವರ್ಷಗಟ್ಟಲೆ ದುಡಿದು ಬೈಬಲನ್ನು ಕನ್ನಡಕ್ಕೆ ತಂದದ್ದು ಯಾರಿಗಾಗಿ? ದೊಡ್ಡಬಳ್ಳಾಪುರದ ಮಗ್ಗದ ಕೆಲಸಗಾರ, ದೇವನಹಳ್ಳಿಯ ದ್ರಾಕ್ಷಿ ತೋಟದ ಕೂಲಿ ಹೆಂಗಸು ಅದನ್ನು ತಾವೇ ಓದಿ, ತಮ್ಮ ಮಾತಲ್ಲೇ ಪ್ರಾರ್ಥಿಸಬಹುದು. ಜಾತಿಯ ಕಾರಣಕ್ಕೆ ಹೊಸ್ತಿಲಾಚೆ ನಿಂತವರ ಮೊಮ್ಮಕ್ಕಳು ನಮ್ಮ ಸಭೆಗಳಲ್ಲಿದ್ದಾರೆ. ಅವರ ಮುಂದೆ ಇನ್ನೊಂದು ಹೊಸ್ತಿಲು ಕಟ್ಟುವುದು ಅನ್ಯಾಯ.

ಸಭಾಪಾಲಕರು ಬೇಕು: ಕಲಿಸಲು, ತಿದ್ದಲು, ಸಂಸ್ಕಾರ ನಡೆಸಲು. ಪ್ರಾರ್ಥನೆಗೆ ಅಪ್ಪಣೆ ಕೊಡಲು ಅಲ್ಲ. ಆ ಅಭಿಪ್ರಾಯ ಬರೆದ ಲೇಖಕರು ಇಬ್ರಿಯರ ಪತ್ರಿಕೆಯನ್ನು ಮತ್ತೊಮ್ಮೆ ಓದಿ, ತಮ್ಮ ಮಾತನ್ನು ಹಿಂತೆಗೆದುಕೊಳ್ಳಲಿ.