ಮೊದಲು ಗಾಡಿಯ ಕೆಳಗೆ ಇಣುಕಿ ನೋಡಿ

ಕಳೆದ ಮಳೆಗಾಲದಲ್ಲಿ ನಾನೊಂದು ಸಂದರ್ಶನ ತಪ್ಪಿಸಿಕೊಂಡೆ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಒಂದು ವರ್ಷ ಅರ್ಜಿ ಹಾಕಿದ ಮೇಲೆ ಬಂದ ಮೊದಲ ಕರೆ ಅದು. ಬೆಳಿಗ್ಗೆ ಹತ್ತು ಗಂಟೆಗೆ ಹಾಸನದಲ್ಲಿರಬೇಕಿತ್ತು. ಹಿಂದಿನ ಸಂಜೆ ಸಕಲೇಶಪುರದ ಹತ್ತಿರ ಸೋದರಮಾವನ ಮೇಲಿನ ತೋಟದ ಲೈನ್ ಮನೆಗಳಿಗೆ ರೇಷನ್ ಇಳಿಸಿ, ಅವರ ಜಿಮ್ನಿಯಲ್ಲಿ ವಾಪಸ್ ಬರುತ್ತಿದ್ದೆ. ಬೇಗ ಮನೆ ಸೇರಿ ಅಂಗಿ ಇಸ್ತ್ರಿ ಮಾಡಿಕೊಳ್ಳಬೇಕೆಂಬ ಅವಸರ. ನಿಧಾನವಾಗಿ ಇಳಿಸಬೇಕಾದ ಕೊರಕಲಿನಲ್ಲಿ ಜೋರಾಗಿ ಬಿಟ್ಟೆ.

ಮುಂದಿನ ಚಕ್ರ ಹತ್ತಿದ ಕಲ್ಲೊಂದು ಮಗುಚಿ ಎದ್ದು ಕೆಳಗಿನಿಂದ ಬಡಿಯಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಆಯಿಲ್‌ನ ಕೆಂಪು ದೀಪ ಹೊತ್ತಿಕೊಂಡಿತು. ತಕ್ಷಣ ಎಂಜಿನ್ ಆಫ್ ಮಾಡಿದ್ದರಿಂದ ಎಂಜಿನ್ ಉಳಿಯಿತು. ಆಯಿಲ್ ಚೇಂಬರ್ ಒಡೆದಿತ್ತು. ತೋಟಕ್ಕಿರುವ ಒಂದೇ ದಾರಿಗೆ ಅಡ್ಡಲಾಗಿ ಗಾಡಿ ನಿಂತಿತ್ತು. ಅದನ್ನು ಹಾಗೇ ಬಿಟ್ಟು ಬಸ್ ಹಿಡಿಯಲು ಹೋಗುವಂತಿರಲಿಲ್ಲ. ಮರುದಿನ ಟ್ರ್ಯಾಕ್ಟರ್ ಬಂದು ಎಳೆಯುವಾಗ ಗಂಟೆ ಹತ್ತೂವರೆ.

ತಪ್ಪು ಗಾಡಿಯದಲ್ಲ, ನನ್ನದೇ. ಆದರೆ ಆ ಜಾಗಕ್ಕೊಂದು ಸ್ಕಿಡ್ ಪ್ಲೇಟ್, ಅಂದರೆ ಅಡಿ ರಕ್ಷಣೆಯ ಲೋಹದ ಹಲಗೆ ಇದ್ದಿದ್ದರೆ ನನ್ನ ತಪ್ಪಿಗೆ ಒಂದು ಗೀರು ಬೀಳುತ್ತಿತ್ತು ಅಷ್ಟೆ. ರಿಪೇರಿ ಖರ್ಚು ನಾನೇ ಕೊಡುತ್ತೇನೆಂದು ಮಾವನಿಗೆ ಮಾತು ಕೊಟ್ಟೆ. ಪ್ಲೇಟ್ ಹಾಕಿಸುವ ಹೊಣೆಯೂ ನನ್ನ ಮೇಲೇ ಬಿತ್ತು.

ಪೇಟೆಯ ಅಂಗಡಿಯೊಂದಕ್ಕೆ ಫೋನ್ ಮಾಡಿದರೆ, ‘ಫುಲ್ ಸೆಟ್ ಹಾಕ್ಸಿಬಿಡಿ ಸರ್, ಟೆನ್ಶನ್ನೇ ಇರಲ್ಲ’ ಎಂದರು. ನಾನೂ ಹೂಂ ಎನ್ನುವವನೇ ಇದ್ದೆ. ಮಾವ ತಡೆದರು. ‘ಇಡೀ ಹೊಟ್ಟೆಗೆ ತಗಡು ಹೊಡಿಸ್ತೀಯೇನೋ? ಇಷ್ಟು ದಿನ ಎಲ್ಲೆಲ್ಲಿ ತಾಗಿದೆ ಅಂತ ಮೊದ್ಲು ನೋಡ್ಕೊಂಡು ಬಾ.’

ಗ್ಯಾರೇಜಿನಲ್ಲಿ ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿ, ಕೆಳಗಿಳಿದು ಟಾರ್ಚ್ ಹಿಡಿದು ನೋಡಿದೆ. ಮೂರು ವರ್ಷದ ಡಿಪ್ಲೊಮಾ ಕಲಿಸದ ಪಾಠ ಅಲ್ಲಿತ್ತು. ಒಡೆದ ಚೇಂಬರ್ ಬಿಟ್ಟರೆ ಹೆಚ್ಚು ಗೀರುಗಳಿದ್ದದ್ದು ನಡುಹೊಟ್ಟೆಯ ಟ್ರಾನ್ಸ್‌ಫರ್ ಕೇಸ್ ಹತ್ತಿರ. ಪೆಟ್ರೋಲ್ ಟ್ಯಾಂಕ್ ಕಡೆ ಒಂದು ಗೀರೂ ಇರಲಿಲ್ಲ. ಕಾರಣ ಸರಳ. ಜಿಮ್ನಿಯ ಮುಂದಿನ ಭಾಗ 36 ಡಿಗ್ರಿ ಏರನ್ನು ತಾಗದೆ ಹತ್ತುತ್ತದೆ, ಆದರೆ ನಡುವಿನ ಉಬ್ಬು ದಾಟುವ ಕೋನ 24 ಡಿಗ್ರಿ ಮಾತ್ರ. ನಮ್ಮ ತೋಟದ ದಾರಿಯಲ್ಲಿ ಮಳೆಗೆ ಎರಡೂ ಕಡೆಯ ಗಾಡಿ ಜಾಡು ಆಳವಾಗಿ, ನಡುವೆ ದಿಬ್ಬ ಉಳಿಯುತ್ತದೆ. ಪೆಟ್ಟು ಬೀಳುವುದು ನಡುವಿಗೇ.

ಇನ್ನೊಂದು ವಿಷಯ. ಈ ಗಾಡಿಯ ಗ್ರೌಂಡ್ ಕ್ಲಿಯರೆನ್ಸ್ 210 ಮಿ.ಮೀ. ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್ ಇರುವುದರಿಂದ ನೆಲಕ್ಕೆ ಹತ್ತಿರವಿರುವುದು ಡಿಫರೆನ್ಷಿಯಲ್‌ನ ಗುಂಡು. ಚಾಸಿಗೆ ಎಷ್ಟೇ ದಪ್ಪದ ಪ್ಲೇಟ್ ಹಾಕಿದರೂ ಆ ಗುಂಡು ಒಂದು ಮಿ.ಮೀ. ಕೂಡ ಮೇಲೇರುವುದಿಲ್ಲ. ಪ್ಲೇಟ್ ಹಾಕಿಸಿದ ಕೂಡಲೇ ಎಲ್ಲ ಬಂಡೆಯನ್ನೂ ದಾಟಬಹುದೆಂಬ ನಂಬಿಕೆ ಅಲ್ಲಿಗೇ ಮುರಿಯುತ್ತದೆ. ಚಕ್ರವನ್ನು ಕಲ್ಲಿನ ಮೇಲಿಟ್ಟು ದಾಟಬೇಕೇ ಹೊರತು ಕಲ್ಲನ್ನು ನಡುವೆ ಬಿಟ್ಟುಕೊಳ್ಳಬಾರದು.

ಇನ್ನು ಲೋಹದ ಲೆಕ್ಕ. 3 ಮಿ.ಮೀ. ದಪ್ಪದ ಒಂದು ಚದರ ಮೀಟರ್ ಉಕ್ಕಿನ ಹಾಳೆ ಸುಮಾರು 23.5 ಕೆ.ಜಿ. ತೂಗುತ್ತದೆ. 6 ಮಿ.ಮೀ. ಅಲ್ಯೂಮಿನಿಯಂ 16 ಕೆ.ಜಿ. ಚಿಲ್ಲರೆ. ಅಂದರೆ ಎರಡು ಪಟ್ಟು ದಪ್ಪವಿದ್ದರೂ ಅಲ್ಯೂಮಿನಿಯಂ ಹಗುರ. ಆ ದಪ್ಪದಲ್ಲಿ ಅದು ಬಾಗುವುದೂ ಕಡಿಮೆ. ಜಿಮ್ನಿಯ ತೂಕವೇ ಸುಮಾರು 1,200 ಕೆ.ಜಿ. ಫುಲ್ ಸೆಟ್‌ಗೆ ಎರಡು ಚದರ ಮೀಟರ್ ಉಕ್ಕು ಹಿಡಿದರೂ 47 ಕೆ.ಜಿ. ಆಯಿತು. ಹೆಚ್ಚುಕಡಿಮೆ ಒಂದು ಮೂಟೆ ಕಾಫಿಯನ್ನು ವರ್ಷವಿಡೀ ಸುಮ್ಮನೆ ಹೊತ್ತು ತಿರುಗಿದ ಹಾಗೆ. ಹಗುರವಾಗಿರುವುದೇ ಇಂಥ ಗಾಡಿಯ ಶಕ್ತಿ. ಕೆಸರಿನಲ್ಲಿ ದೊಡ್ಡ ಗಾಡಿ ಹೂತುಕೊಳ್ಳುವಲ್ಲಿ ಇದು ದಾಟಿ ಹೋಗುವುದು ಅದಕ್ಕೇ. ರಕ್ಷಣೆಯ ಹೆಸರಲ್ಲಿ ಆ ಶಕ್ತಿಯನ್ನೇ ಕಳೆದುಕೊಂಡರೆ ಏನು ಲಾಭ?

ಹಾಗಾದರೆ ಎಲ್ಲರೂ ಅಲ್ಯೂಮಿನಿಯಂ ಕೊಳ್ಳಬೇಕೆ? ಅದೂ ಅಲ್ಲ. ಅಲ್ಯೂಮಿನಿಯಂ ಮೆದು. ಕಲ್ಲಿನ ಮೇಲೆ ಜಾರುವ ಬದಲು ಕಚ್ಚಿಕೊಂಡು ಸವೆಯುತ್ತದೆ, ಬೆಲೆಯೂ ಹೆಚ್ಚು. ಒಡೆದರೆ ಊರಿನ ಸಾಮಾನ್ಯ ವೆಲ್ಡಿಂಗ್ ಶಾಪ್‌ನಲ್ಲಿ ಬೆಸೆಯುವುದು ಕಷ್ಟ. ಉಕ್ಕು ಜಾರುತ್ತದೆ, ಬಾಗಿದರೆ ಸುತ್ತಿಗೆಯಲ್ಲಿ ನೆಟ್ಟಗಾಗುತ್ತದೆ. ಆದರೆ ಬಣ್ಣ ಕಿತ್ತಲ್ಲಿ ಮಲೆನಾಡಿನ ಮಳೆಗೆ ತುಕ್ಕು ಖಂಡಿತ. ವಾರವಿಡೀ ನಗರದಲ್ಲಿ ಓಡಾಡಿ ಅಪರೂಪಕ್ಕೆ ಬೆಟ್ಟದ ದಾರಿ ಹಿಡಿಯುವವರಿಗೆ ಅಲ್ಯೂಮಿನಿಯಂ ಸರಿ. ದಿನಾ ಅದೇ ಕಲ್ಲಿಗೆ ಉಜ್ಜುವ ನಮ್ಮಂಥವರಿಗೆ 3 ಮಿ.ಮೀ. ಉಕ್ಕೇ ಸರಿ. ಡಾಂಬರು ರಸ್ತೆ ಬಿಟ್ಟು ಇಳಿಯದವರಿಗೆ ಯಾವುದೂ ಬೇಡ.

ನಾವು ಎರಡೇ ಪ್ಲೇಟ್ ಹಾಕಿಸಿದೆವು: ಆಯಿಲ್ ಚೇಂಬರ್‌ಗೆ ಒಂದು, ಟ್ರಾನ್ಸ್‌ಫರ್ ಕೇಸ್‌ಗೆ ಒಂದು. ಉಳಿದ ದುಡ್ಡು ಚೇಂಬರ್ ರಿಪೇರಿಗೆ ಹೋಯಿತು.

ಕೊಳ್ಳುವಾಗ ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ. ಪ್ಲೇಟ್ ಬಿಚ್ಚದೆ ಆಯಿಲ್ ಬದಲಿಸಲು ತೂತು ಇದೆಯೇ? ಇಲ್ಲವಾದರೆ ಪ್ರತಿ ಸರ್ವೀಸ್‌ಗೂ ಬಿಚ್ಚಿ ಕಟ್ಟುವ ಕೂಲಿ ನಿಮ್ಮದೇ. ಬೋಲ್ಟ್‌ಗಳು ಚಾಸಿಯಲ್ಲಿ ಈಗಾಗಲೇ ಇರುವ ತೂತುಗಳಿಗೇ ಕೂರುತ್ತವೆಯೇ? ಚಾಸಿಗೆ ಹೊಸದಾಗಿ ಕೊರೆಯುತ್ತೇವೆ, ಬೆಸೆಯುತ್ತೇವೆ ಎಂದರೆ ಎದ್ದು ಬನ್ನಿ. ಬೋಲ್ಟ್‌ನ ತಲೆ ಹಲಗೆಯೊಳಗೆ ಅಡಗಿದೆಯೇ? ಹೊರಗೆ ಚಾಚಿದ್ದರೆ ಕಲ್ಲು ಅದನ್ನು ಸವೆಸಿ, ಆಮೇಲೆ ಯಾವ ಸ್ಪ್ಯಾನರ್‌ಗೂ ಸಿಗದ ಹಾಗೆ ಮಾಡುತ್ತದೆ. ಎಂಜಿನ್ ರಬ್ಬರ್ ಮೌಂಟ್ ಮೇಲೆ ಅಲುಗಾಡುತ್ತದೆ, ಹಾಗಾಗಿ ಪ್ಲೇಟಿಗೂ ಅದಕ್ಕೂ ನಡುವೆ ಜಾಗ ಬಿಟ್ಟಿದ್ದಾರೆಯೇ? ಎರಡು ಪ್ಲೇಟ್ ಕೂಡುವಲ್ಲಿ ಮುಂದಿನದರ ಅಂಚು ಹಿಂದಿನದರ ಕೆಳಗೆ ಚಾಚಿರಬೇಕು. ಹಂಚಿನ ಮೇಲೆ ನೀರು ಜಾರಿದಂತೆ ಕಲ್ಲು ಹಿಂದಕ್ಕೆ ಜಾರಿ ಹೋಗಬೇಕು, ಸಂದಿಗೆ ಸಿಕ್ಕಿಕೊಳ್ಳಬಾರದು.

ಹಾಕಿಸಿದ ಮೇಲೂ ಕೆಲಸವಿದೆ. ಪ್ಲೇಟ್ ಮೇಲೆ ಕೆಸರು ತುಂಬಿ ಒಣಗುತ್ತದೆ. ಬೇಸಿಗೆಯಲ್ಲಿ ಒಣ ಹುಲ್ಲು, ತರಗೆಲೆ ಸಿಕ್ಕಿಕೊಂಡು ಬಿಸಿ ಸೈಲೆನ್ಸರ್ ಪಕ್ಕ ಕೂತರೆ ಬೆಂಕಿಯ ಅಪಾಯ. ತಿಂಗಳಿಗೊಮ್ಮೆ ನೀರು ಹೊಡೆದು ತೊಳೆಯಬೇಕು, ಬೋಲ್ಟ್ ಬಿಗಿ ನೋಡಬೇಕು. ವಾರಂಟಿ ಇರುವ ಗಾಡಿಯಾದರೆ ಸರ್ವೀಸ್ ಸೆಂಟರಿನಲ್ಲೂ ವಿಮೆಯವರಲ್ಲೂ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಇಷ್ಟೆಲ್ಲ ಯಾಕೆ ಬರೆಯುತ್ತಿದ್ದೇನೆಂದರೆ, ನನ್ನ ಗೆಳೆಯರಲ್ಲಿ ಹಲವರು ಮೊದಲ ಸಂಬಳದಲ್ಲಿ ಗಾಡಿ ಸಿಂಗರಿಸಲು ಹೊರಡುತ್ತಾರೆ. ಮೊದಲು ಬರುವುದು ಛಾವಣಿಯ ಲೈಟ್ ಬಾರ್, ಆಮೇಲೆ ದಪ್ಪ ಟೈರ್, ಮುಂದೊಂದು ಕಬ್ಬಿಣದ ಬಂಪರ್. ಅಂಥ ಕ್ರ್ಯಾಶ್ ಗಾರ್ಡ್‌ಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಪಾದಚಾರಿಗಳಿಗೂ ಗಾಡಿಯೊಳಗೆ ಕೂತವರಿಗೂ ಅದು ಅಪಾಯ. ಆದರೂ ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ ಎಂದು ಹಾಕಿಸುತ್ತೇವೆ. ಹೊಟ್ಟೆಯಡಿಯ ಪ್ಲೇಟ್ ಯಾವ ಫೋಟೊದಲ್ಲೂ ಕಾಣುವುದಿಲ್ಲ. ಅದಕ್ಕೇ ಅದರ ಸರದಿ ಕೊನೆಗೆ. ಇಲ್ಲವೇ ನನ್ನಂತೆ ಪೆಟ್ಟು ತಿಂದ ಮೇಲೆ, ಹೆದರಿಕೆಯಿಂದ, ಬೇಕೋ ಬೇಡವೋ ನೋಡದೆ ಫುಲ್ ಸೆಟ್.

ಕೆಲಸ ಹುಡುಕುವಾಗಲೂ ನಾನು ಮಾಡಿದ್ದು ಇದನ್ನೇ. ಸಿಕ್ಕ ಸಿಕ್ಕ ಕೋರ್ಸ್‌ಗೆ ದುಡ್ಡು ಕಟ್ಟಿ ಸರ್ಟಿಫಿಕೇಟ್ ಪೇರಿಸಿದೆ. ಎಲ್ಲಿ ಸೋಲುತ್ತಿದ್ದೇನೆ ಎಂದು ಒಮ್ಮೆಯೂ ಕೂತು ನೋಡಲಿಲ್ಲ. ಆ ದಿನ ಗುಂಡಿಯಿಂದ ಮೇಲೆ ಬಂದಾಗ ಗ್ಯಾರೇಜಿನ ಮೇಸ್ತ್ರಿ, ‘ಲೆಕ್ಕ ಚೆನ್ನಾಗಿ ಹಾಕ್ತೀಯ, ಬಿಡುವಿದ್ದಾಗ ಬಾ’ ಎಂದಿದ್ದರು. ಈಗ ವಾರಕ್ಕೆ ಮೂರು ದಿನ ಅಲ್ಲಿಗೆ ಹೋಗುತ್ತೇನೆ. ಜತೆಗೆ ಅರ್ಜಿ ಹಾಕುವುದೂ ನಡೆದಿದೆ.

ಗೆಳೆಯರೇ, ಪ್ಲೇಟ್ ಕೊಳ್ಳುವ ಮೊದಲು ಒಮ್ಮೆ ಗಾಡಿಯ ಕೆಳಗಿಳಿದು ಟಾರ್ಚ್ ಬಿಟ್ಟು ನೋಡಿ. ಎಲ್ಲಿ ಗೀರಿದೆಯೋ ಅಲ್ಲಿಗೆ ಮಾತ್ರ ಪ್ಲೇಟ್ ಬೇಕು. ಹಾಕಿಸಿಕೊಂಡ ಮೇಲೂ ಕೊರಕಲಿನಲ್ಲಿ ನಿಧಾನವಾಗಿಯೇ ಇಳಿಸಿ.