ಬಿಳಿಯ ಬಣ್ಣ ಕಂದಿದ್ದೇಕೆ?

ನಾರಾಯಣಖೇಡದ ನಮ್ಮ ಮನೆಯ ಸೈಕಲ್ಲಿನ ಹಿಂದಿನ ಮಡ್‌ಗಾರ್ಡಿನ ತುದಿಗೆ ದೀಪಾವಳಿಯಲ್ಲಿ ಬಿಳಿಯ ಬಣ್ಣ ಬಳಿಸಿದ್ದೆವು. ಯುಗಾದಿಯ ಹೊತ್ತಿಗೆ ಅದು ಹಳದಿಗೊಂಡು, ಕೆಸರು ತಡೆಯುವ ರಬ್ಬರಿನ ತುಂಡು ತಾಗಿದೆಡೆಯಲ್ಲಿ ಕಂದುಗಟ್ಟಿತ್ತು. ಮಗನ ಅಲಕ್ಷ್ಯವೆಂದು ಗದರಿಸಿದೆವು. ಕಲಬೆರಕೆ ಬಣ್ಣವೆಂದು ಅಂಗಡಿಯವರನ್ನೂ ಶಂಕಿಸಿದೆವು. ಇಬ್ಬರದೂ ತಪ್ಪಿರಲಿಲ್ಲ.

ಬಿಳುಪು ನೀಡುವ ಟೈಟಾನಿಯಂ ಡೈಆಕ್ಸೈಡಿನ ಪುಡಿ ಹಳದಿಯಾಗುವಂಥದಲ್ಲ. ಅದನ್ನು ಹಿಡಿದಿಡುವ ಎಣ್ಣೆಯ ಅಂಶವು ಬೆಳಕು ಕಾಣದಿದ್ದರೆ ಹಳದಿಗೊಳ್ಳುತ್ತದೆ. ನಾವೋ ಬಿಸಿಲಿಗೆ ಹೆದರಿ ಸೈಕಲ್ಲಿಗೆ ಗೋಣಿ ಹೊದಿಸಿ ಕತ್ತಲೆಯ ಮೂಲೆಯಲ್ಲಿ ಇರಿಸಿದ್ದೆವು! ಇಂತಹ ಹಳದಿ ಕೆಲವು ದಿನ ಬಿಸಿಲಿಗಿಟ್ಟರೆ ಬಹುಮಟ್ಟಿಗೆ ತಿಳಿಯಾಗುತ್ತದೆ.

ಕಂದು ಕಲೆಯ ಕಾರಣ ಬೇರೆ. ಕಪ್ಪು ರಬ್ಬರು ಬಿರಿಯದಿರಲೆಂದು ಬೆರೆಸುವ ರಾಸಾಯನಿಕಗಳು ಮೆಲ್ಲನೆ ಹೊರಬಂದು, ತಾಗಿದ ಬಣ್ಣದೊಳಗೆ ಇಳಿಯುತ್ತವೆ. ಆ ಕಲೆ ಸಾಬೂನಿಗೆ ಜಗ್ಗದು. ಬಣ್ಣವನ್ನು ಕೆರೆದು ಮತ್ತೆ ಬಳಿಯಬೇಕು. ರಬ್ಬರು ಅದಕ್ಕೆ ತಾಗದಂತೆ ನೋಡಿಕೊಳ್ಳಬೇಕು.

ಇದು ಅಂದಚಂದದ ಮಾತಷ್ಟೇ ಅಲ್ಲ. ಜಹೀರಾಬಾದಿನ ಕಬ್ಬಿನ ಗಾಡಿಗಳೂ ತಾಂಡೂರಿನ ಹಾಸುಗಲ್ಲಿನ ಲಾರಿಗಳೂ ಓಡುವ ದಾರಿಗಳಲ್ಲಿ, ಕತ್ತಲಾದ ಮೇಲೆ ಮನೆಗೆ ಮರಳುವ ನಮ್ಮ ಮಕ್ಕಳನ್ನು ಹಿಂದಿನಿಂದ ಬರುವವರಿಗೆ ತೋರಿಸಿಕೊಡುವುದು ಕೆಂಪು ರಿಫ್ಲೆಕ್ಟರೂ ಆ ಅಂಗೈಯಗಲದ ಬಿಳುಪೂ ತಾನೆ? ವಾಚಕರು ತಮ್ಮ ಮನೆಯ ಸೈಕಲ್ಲನ್ನು ಇಂದೇ ಅಂಗಳಕ್ಕೆ ತಂದು ಒಮ್ಮೆ ನೋಡಲಿ.

ನಾವು ಮಗನನ್ನು ಕರೆದು, ತಪ್ಪು ನಮ್ಮದೆಂದು ಹೇಳಿ, ಕುಂಚವನ್ನು ಅವನ ಕೈಗೆ ಕೊಟ್ಟೆವು. ನಮಗಿಂತ ಅಚ್ಚುಕಟ್ಟಾಗಿ ಬಳಿದಿದ್ದಾನೆ.