ಸಹಿಯ ಕಾನೂನು, ಸಭೆಯ ಕಾನೂನು

ಮಕ್ಕಳು ಮೊಮ್ಮಕ್ಕಳು ಅಮೆರಿಕದಲ್ಲಿರುವ ಕುಟುಂಬಗಳು ನಮ್ಮ ಸಂಘದಲ್ಲಿ ಅನೇಕ. ಅಲ್ಲಿಯ ಯಾವುದೋ ಶಾಲೆಯಲ್ಲಿ ಗುಂಡು ಹಾರಿತೆಂಬ ಸುದ್ದಿ ಬಂದೊಡನೆ ಇಲ್ಲಿ ಎದೆಗಳು ನಡುಗುತ್ತವೆ. ಮರುದಿನ ಸಂಘದ ವಾಚನಾಲಯದಲ್ಲಿ ಹಿರಿಯರದು ಒಂದೇ ಮಾತು: "ಅಧ್ಯಕ್ಷರು ಒಂದು ಸಹಿ ಹಾಕಿದರೆ ಮುಗಿಯಿತಲ್ಲ!" ಸುಮಾರು ಮೂವತ್ತು ವರ್ಷ ಕೇಂದ್ರ ಸರ್ಕಾರದ ಕಡತಗಳೊಡನೆ ಬಾಳಿದ ನಾನು ಈ ಮಾತನ್ನು ಒಪ್ಪಲಾರೆ. ಸಹಿಯ ಶಕ್ತಿಯನ್ನೂ ಅದರ ಅಲ್ಪಾಯುಷ್ಯವನ್ನೂ ನಾನು ಹತ್ತಿರದಿಂದ ಕಂಡವನು.

2017ರ ಅಕ್ಟೋಬರ್ 1ರಂದು ಲಾಸ್ ವೇಗಾಸ್ ನಗರದ ಸಂಗೀತೋತ್ಸವದ ಮೇಲೆ ಒಬ್ಬನೇ ವ್ಯಕ್ತಿ ಸುಮಾರು ಹತ್ತು ನಿಮಿಷಗಳಲ್ಲಿ ಸಾವಿರಕ್ಕೂ ಹೆಚ್ಚು ಗುಂಡು ಹಾರಿಸಿದ. ಅರವತ್ತು ಜೀವಗಳು ಹೋದವು. ಅವನ ಬಂದೂಕುಗಳಿಗೆ 'ಬಂಪ್ ಸ್ಟಾಕ್' ಎಂಬ ಸಾಧನವಿತ್ತು. ಬಂದೂಕು ಹಿಂದಕ್ಕೆ ಒದೆಯುವ ಬಲವನ್ನೇ ಬಳಸಿ, ಟ್ರಿಗರ್ ಮತ್ತೆ ಮತ್ತೆ ಬೆರಳಿಗೆ ತಾಗುವಂತೆ ಮಾಡುವ ಯುಕ್ತಿ ಅದು. ಅದನ್ನು ನಿಷೇಧಿಸಬೇಕಾದದ್ದು ಅಮೆರಿಕದ ಸಂಸತ್ತು, ಅಂದರೆ ಕಾಂಗ್ರೆಸ್. ಅದು ಮೌನ ತಾಳಿತು. 2018ರಲ್ಲಿ ಅಧ್ಯಕ್ಷ ಟ್ರಂಪ್ ನಿರ್ದೇಶನ ನೀಡಿದರು. ಆ ಸಾಧನವು ಮೆಷಿನ್ ಗನ್ನಿನ ವ್ಯಾಖ್ಯೆಗೆ ಬರುವುದಿಲ್ಲವೆಂದು ಹಿಂದೆ ಹಲವು ಬಾರಿ ಹೇಳಿದ್ದ ಇಲಾಖೆಯೇ ಬರುತ್ತದೆಂದು ನಿಯಮ ಮಾಡಿತು. ಸಹಿ ಬಿದ್ದಿತು, ಎಲ್ಲರೂ ನಿಟ್ಟುಸಿರು ಬಿಟ್ಟರು.

ಆ ನಿಟ್ಟುಸಿರಿನ ಆಯುಷ್ಯ ಐದೇ ವರ್ಷ. 2024ರ ಜೂನ್ 14ರಂದು ಅಲ್ಲಿಯ ಸುಪ್ರೀಂ ಕೋರ್ಟ್ 6-3ರ ಬಹುಮತದಿಂದ ನಿಯಮವನ್ನು ತಳ್ಳಿಹಾಕಿತು. 1934ರ ಕಾಯಿದೆಯ ಪ್ರಕಾರ, ಟ್ರಿಗರಿನ ಒಂದೇ ಕ್ರಿಯೆಯಿಂದ ತಾನಾಗಿ ಹಲವು ಗುಂಡು ಹಾರಿದರೆ ಮಾತ್ರ ಅದು ಮೆಷಿನ್ ಗನ್. ಆ ಪದಗಳನ್ನು ಇಲಾಖೆ ಹಿಗ್ಗಿಸುವಂತಿಲ್ಲ ಎಂಬುದು ತೀರ್ಪು. ಅನೇಕರು ನ್ಯಾಯಾಲಯವನ್ನು ಶಪಿಸಿದರು. ನನ್ನ ಕೋಪ ಕಾಂಗ್ರೆಸ್ಸಿನ ಮೇಲೆ. ಒಂದು ವಾಕ್ಯದ ತಿದ್ದುಪಡಿ ಸಾಕಿತ್ತು. ಮತ ಹಾಕಿ ಮತದಾರರ ಮುನಿಸು ಕಟ್ಟಿಕೊಳ್ಳಲು ಅಂಜಿದವರಿಗೆ ಅಧ್ಯಕ್ಷರ ಸಹಿ ಒಳ್ಳೆಯ ಮರೆಯಾಯಿತು. ತೀರ್ಪು ಬಂದ ಕೆಲವೇ ದಿನಗಳಲ್ಲಿ ಸೆನೆಟ್ಟಿಗೆ ಬಂದ ನಿಷೇಧದ ಮಸೂದೆಗೂ ಅಲ್ಲಿಯೇ ತಡೆ ಬಿದ್ದಿತು.

ನ್ಯಾಯಾಲಯದಲ್ಲಿ ಗೆದ್ದ ನಿಯಮವೂ ಸುರಕ್ಷಿತವಲ್ಲ. ಬಿಡಿಭಾಗಗಳನ್ನು ಕೊಂಡು ಮನೆಯಲ್ಲಿ ಜೋಡಿಸುವ, ಕ್ರಮಸಂಖ್ಯೆಯಿಲ್ಲದ 'ಘೋಸ್ಟ್ ಗನ್'ಗಳ ಮೇಲೆ 2022ರಲ್ಲಿ ಬೈಡನ್ ಸರ್ಕಾರ ತಂದ ನಿಯಮವನ್ನು 2025ರ ಮಾರ್ಚಿನಲ್ಲಿ ಅದೇ ಕೋರ್ಟ್ 7-2ರಿಂದ ಎತ್ತಿಹಿಡಿಯಿತು. ಆದರೆ ಅದಕ್ಕೂ ಮೊದಲೇ, ಫೆಬ್ರವರಿಯಲ್ಲಿ, ಹಿಂದಿನ ಸರ್ಕಾರದ ಬಂದೂಕು ನಿಯಮಗಳನ್ನೆಲ್ಲ ಪುನರ್ವಿಮರ್ಶಿಸಬೇಕೆಂದು ಹೊಸ ಅಧ್ಯಕ್ಷರ ಆದೇಶ ಹೊರಬಿದ್ದಿತ್ತು. ಒಂದು ಲೇಖನಿ ಬರೆದದ್ದನ್ನು ಇನ್ನೊಂದು ಲೇಖನಿ ಅಳಿಸಬಲ್ಲದು.

"ನಮ್ಮಲ್ಲಿಯೂ ಅಧಿಸೂಚನೆಯಿಂದಲೇ ಕೆಲಸ ನಡೆಯುವುದಿಲ್ಲವೇ?" ಎಂದು ಕೇಳುವವರುಂಟು. ನಡೆಯುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಬಂದೂಕು ಪರವಾನಗಿ ವಿನಾಯಿತಿಯನ್ನು 2019ರಲ್ಲಿ ಕೇಂದ್ರವು ಅಧಿಸೂಚನೆಯ ಮೂಲಕವೇ 2029ರವರೆಗೆ ಮುಂದುವರಿಸಿತು; 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಏಕೆಂದರೆ ವಿನಾಯಿತಿ ನೀಡುವ ಅಧಿಕಾರವನ್ನು 1959ರ ಆಯುಧ ಕಾಯಿದೆಯ 41ನೆಯ ಕಲಮಿನಲ್ಲಿ ಸಂಸತ್ತೇ ಸ್ಪಷ್ಟವಾಗಿ ಬರೆದುಕೊಟ್ಟಿದೆ. ಅದೇ 2019ರಲ್ಲಿ ಒಬ್ಬನ ಬಳಿ ಇರಬಹುದಾದ ಬಂದೂಕುಗಳ ಮಿತಿಯನ್ನು ಮೂರರಿಂದ ಇಳಿಸಬೇಕಾದಾಗ ಸರ್ಕಾರ ಸಂಸತ್ತಿಗೇ ಹೋಗಬೇಕಾಯಿತು. ಒಂದಕ್ಕೆ ಇಳಿಸುವುದಾಗಿ ಹೊರಟ ಮಸೂದೆ ಎರಡಕ್ಕೆ ನಿಂತಿತು. ಆ ರಾಜಿ ಎಲ್ಲರಿಗೂ ರುಚಿಸದಿರಬಹುದು; ಆದರೆ ಯಾವ ಸಹಿಯೂ ಅದನ್ನು ರಾತ್ರೋರಾತ್ರಿ ಅಳಿಸಲಾರದು.

ಆದ್ದರಿಂದ ಹಿರಿಯರಲ್ಲಿ ನನ್ನ ವಿನಂತಿ: ಗಟ್ಟಿ ಸಹಿಯ ನಾಯಕನಿಗಾಗಿ ಹಂಬಲಿಸಬೇಡಿ. ಅಲ್ಲಿ ಮತದ ಹಕ್ಕು ಪಡೆದಿರುವ ನಿಮ್ಮ ಮಕ್ಕಳಿಗೆ ಹೇಳಿ, ತಮ್ಮ ಪ್ರತಿನಿಧಿಯನ್ನು ಕೇಳಲಿ: "ಅರವತ್ತು ಜನ ಸತ್ತ ಮೇಲೂ ನೀವು ಏಕೆ ಮತ ಹಾಕಲಿಲ್ಲ?"